ವೇಗ ತಗ್ಗಿಸುವುದಾದರೆ ಹೇಳಿ ತಗ್ಗಿಸಲಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕದ ವೇಗ ಸೆಕೆಂಡಿಗೆ 100 ಮೆಗಾಬಿಟ್ ಎಂದು ಪ್ರತಿ ತಿಂಗಳ ಬಿಲ್ಲಿನಲ್ಲೂ ಅಚ್ಚಾಗಿರುತ್ತದೆ. ಆದರೆ ರಾತ್ರಿ ಎಂಟು ಗಂಟೆ ಕಳೆದರೆ ಸಾಕು, ನೋಡುತ್ತಿರುವ ವಿಡಿಯೊ ಮತ್ತೆ ಮತ್ತೆ ನಿಂತು ಪರದೆಯ ನಡುವೆ ಚಕ್ರ ತಿರುಗತೊಡಗುತ್ತದೆ. ಅದೇ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಮುಳ್ಳು 95ರ ಆಸುಪಾಸಿನಲ್ಲಿರುತ್ತದೆ! ಸಹಾಯವಾಣಿಯವರದು ಒಂದೇ ಮಾತು: ಮೋಡೆಮ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿ. ತಪ್ಪು ವೈಫೈನದ್ದಿರಬಹುದೆಂದು ಕಂಪ್ಯೂಟರಿಗೆ ನೇರವಾಗಿ ಕೇಬಲ್ ಜೋಡಿಸಿಯೂ ನೋಡಿದೆ, ವ್ಯತ್ಯಾಸವೇನೂ ಆಗಲಿಲ್ಲ. ಕೊನೆಗೆ ವಿಪಿಎನ್ ಹಾಕಿಕೊಂಡು ಅದೇ ವಿಡಿಯೊ ತೆರೆದಾಗ ಅದು ಎಲ್ಲಿಯೂ ತಡವರಿಸದೆ ಓಡಿತು.

ವಿಪಿಎನ್ ಬಳಸಿದಾಗ ಮಾಹಿತಿಯೆಲ್ಲ ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಸಾಗುವುದರಿಂದ, ಗ್ರಾಹಕ ಯಾವ ತಾಣ ನೋಡುತ್ತಿದ್ದಾನೆಂಬುದು ಕಂಪನಿಗೆ ಕಾಣುವುದಿಲ್ಲ. ಇಂಥ ಬಳಸುದಾರಿಯಲ್ಲಿ ವೇಗ ಸಾಮಾನ್ಯವಾಗಿ ತುಸು ಇಳಿಯಬೇಕು, ಇಲ್ಲಿ ಏರಿದೆ. ಕಂಪನಿಯು ಬೇಕೆಂದೇ ವಿಡಿಯೊ ತಾಣಗಳ ವೇಗವನ್ನು ಹಿಡಿದಿಟ್ಟಿದೆಯೋ, ಅಥವಾ ಆ ತಾಣದತ್ತ ಹೋಗುವ ಮಾರ್ಗವೇ ದಟ್ಟಣೆಯಿಂದ ಕಟ್ಟಿಕೊಂಡು ವಿಪಿಎನ್‌ಗೆ ಬೇರೆ ಮಾರ್ಗ ಸಿಕ್ಕಿತೋ ನಾನು ಹೇಳಲಾರೆ. ಅದನ್ನು ತಿಳಿಯುವ ದಾರಿಯೇ ಹಣ ಕೊಡುವವನಿಗೆ ಇಲ್ಲದಿರುವುದು ನನ್ನ ಮೂಲ ತಕರಾರು. ಸ್ಪೀಡ್ ಟೆಸ್ಟನ್ನೂ ನೆಚ್ಚುವಂತಿಲ್ಲ. ಅದರ ಸರ್ವರ್ ಅನೇಕ ವೇಳೆ ಕಂಪನಿಯ ಜಾಲದೊಳಗೇ ಇರುವುದರಿಂದ, ಅಂಗಳದಲ್ಲಿ ಓಡಿದ ವೇಗವನ್ನೇ ಹೆದ್ದಾರಿಯ ವೇಗವೆಂದು ತೋರಿಸಿದಂತಾಗುತ್ತದೆ.

ಇದು ಬರೀ ಶಂಕೆಯಲ್ಲ ಎನ್ನಲು ಹಳೆಯ ನಿದರ್ಶನವಿದೆ. 2007ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಎಂಬ ಇಂಟರ್‌ನೆಟ್ ಕಂಪನಿಯು, ಬಳಕೆದಾರರು ತಮ್ಮ ಕಂಪ್ಯೂಟರುಗಳ ನಡುವೆಯೇ ಕಡತ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಎಂಬ ವಿಧಾನ ಬಳಸುವವರ ಸಂಪರ್ಕವನ್ನು ನಡುವೆಯೇ ಕಡಿಯುತ್ತಿತ್ತು. ಅದಕ್ಕೆ ಬಳಸಿದ ಉಪಾಯವೆಂದರೆ, ಎರಡೂ ಕಡೆಯ ಕಂಪ್ಯೂಟರುಗಳಿಗೆ ‘ಆ ಕಡೆಯವರೇ ಸಂಪರ್ಕ ಮುಗಿಸಿದ್ದಾರೆ’ ಎಂದು ನಂಬಿಸುವ ಸುಳ್ಳು ಸಂಕೇತಗಳನ್ನು ಕಳುಹಿಸುವುದು. ಅಸೋಸಿಯೇಟೆಡ್ ಪ್ರೆಸ್‌ನ ವರದಿಗಾರರು ಬೈಬಲ್‌ನ ಪ್ರತಿಯೊಂದನ್ನು ಹಂಚಿಕೊಳ್ಳಲು ಹೋಗಿ ಇದನ್ನು ಖಚಿತಪಡಿಸಿಕೊಂಡರು. 2008ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಹನ ಆಯೋಗವು ಈ ಪದ್ಧತಿಯನ್ನು ನಿಲ್ಲಿಸುವಂತೆ ಆದೇಶಿಸಿತಾದರೂ, 2010ರಲ್ಲಿ ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು ನ್ಯಾಯಾಲಯ ಆದೇಶವನ್ನೇ ರದ್ದುಪಡಿಸಿತು. ತಂತ್ರಜ್ಞಾನ ಬಲ್ಲ ಗ್ರಾಹಕನೊಬ್ಬ ಪಟ್ಟು ಹಿಡಿದು ಹುಡುಕದೇ ಇದ್ದಿದ್ದರೆ ಸಂಗತಿ ಹೊರಬೀಳುವುದೇ ಕಷ್ಟವಿತ್ತು. ಉಳಿದವರೆಲ್ಲ ಬಹುಶಃ ಮೋಡೆಮ್ ಆಫ್ ಮಾಡಿ ಆನ್ ಮಾಡುತ್ತಿದ್ದರು.

ಒಂದೇ ಮಾರ್ಗವನ್ನು ಹತ್ತಾರು ಮನೆಗಳು ಹಂಚಿಕೊಂಡಿರುವಾಗ ಸಂಜೆಯ ಹೊತ್ತು ವೇಗ ಕುಗ್ಗುವುದು ಸಹಜ, ಅದಕ್ಕೆ ನನ್ನ ಆಕ್ಷೇಪವಿಲ್ಲ. ತಿಂಗಳ ಮಿತಿ ಮೀರಿದ ಮೇಲೆ ವೇಗ ಇಳಿಸುವುದನ್ನೂ, ಒಪ್ಪಂದದಲ್ಲಿ ಕಣ್ಣಿಗೆ ಬೀಳುವಂತೆ ಬರೆದಿದ್ದರೆ, ಒಪ್ಪಬಹುದು. ಆದರೆ ಜಾಹೀರಾತಿನ ‘100ರವರೆಗೆ’ ಎಂಬ ಮಾತಿನಲ್ಲಿ ‘ವರೆಗೆ’ ಎನ್ನುವುದಕ್ಕೆ ಒಂದೂ ಸೇರುತ್ತದೆ, ತೊಂಬತ್ತೊಂಬತ್ತೂ ಸೇರುತ್ತದೆ. ಐರೋಪ್ಯ ಒಕ್ಕೂಟದ 2015ರ ನಿಯಮದಂತೆ ಕಂಪನಿಗಳು ಸ್ಥಿರ ಸಂಪರ್ಕದ ಒಪ್ಪಂದದಲ್ಲಿ ಕನಿಷ್ಠ ವೇಗ, ಸಾಮಾನ್ಯವಾಗಿ ಸಿಗುವ ವೇಗ, ಗರಿಷ್ಠ ವೇಗ ಮತ್ತು ಜಾಹೀರಾತಿನ ವೇಗವನ್ನು ಬೇರೆ ಬೇರೆಯಾಗಿ ನಮೂದಿಸಬೇಕು. ಅಲ್ಲಿ ಸಾಧ್ಯವಾದದ್ದು ಎಲ್ಲೆಡೆಯೂ ಸಾಧ್ಯ.

ಬಿಲ್ಲು ಕಟ್ಟಲು ಒಂದು ದಿನ ತಡವಾದರೆ ಮೊಬೈಲಿಗೆ ಮೂರು ಸಂದೇಶ ಕಳುಹಿಸುವ ವ್ಯವಸ್ಥೆ ಈ ಕಂಪನಿಗಳಲ್ಲಿ ಚೆನ್ನಾಗಿಯೇ ಇದೆ. ಯಾವ ತಾಣದ ವೇಗವನ್ನು, ಯಾವ ಹೊತ್ತಿನಲ್ಲಿ, ಎಷ್ಟಕ್ಕೆ ಇಳಿಸಲಾಗಿದೆ ಎಂಬುದನ್ನೂ ಅದೇ ವ್ಯವಸ್ಥೆಯ ಮೂಲಕ ತಿಳಿಸುವುದನ್ನು ನಿಯಂತ್ರಣ ಸಂಸ್ಥೆಗಳು ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ.

ಇಂತು,
ಒಬ್ಬ ಬ್ರಾಡ್‌ಬ್ಯಾಂಡ್ ಗ್ರಾಹಕ