ಓಕ್ಲೆಂಡಿನಿಂದ ಶಂಕ್ರನಿಗೆ

ಲೋ ಶಂಕ್ರ,

ವಾಟ್ಸಾಪಿನಲ್ಲಿ ಬರೆದರೆ ನೀನು ಹೆಬ್ಬೆರಳೆತ್ತಿ ಸುಮ್ಮನಾಗ್ತೀಯ. ಅದಕ್ಕೇ ಊರಿಗೆಲ್ಲ ಕಾಣೋ ಹಾಗೆ ಇಲ್ಲೇ ಬರೀತಿದ್ದೀನಿ. ಬದನೆಕಾಯಿ ಆನೆ ವಿಷಯ ಎತ್ತಲ್ಲ, ಹೆದರಬೇಡ.

ಹೋದ ವಾರ ಇಲ್ಲಿ, ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ, ಕ್ರಿಯೇಟಿವ್ ಗ್ರೋತ್ ಅನ್ನೋ ಸ್ಟುಡಿಯೋಗೆ ಹೋಗಿದ್ವಿ. ಅಂಗವಿಕಲ ಕಲಾವಿದರು ದಿನಾ ಬಂದು ಕೆಲಸ ಮಾಡೋ ಜಾಗ. 1974ರಲ್ಲಿ ಕಾಟ್ಜ್ ದಂಪತಿ ತಮ್ಮ ಮನೆಯಲ್ಲೇ ಶುರುಮಾಡಿದ್ದು. ಈಗಿರೋದು ಹಳೇ ಕಾರ್ ಗ್ಯಾರೇಜಿನಲ್ಲಿ. ಹೀಗೇ ಬರಿ ಅಂತ ಯಾರೂ ಕೈಹಿಡಿದು ತಿದ್ದಿಸಲ್ಲ. ಸಾಮಾನು ಕೊಟ್ಟು ಪಕ್ಕದಲ್ಲಿರ್ತಾರೆ. ಚಿತ್ರ ಮಾರಾಟವಾದರೆ ಅರ್ಧ ದುಡ್ಡು ಬರೆದವರಿಗೆ. ಒಂದರ ಮುಂದೆ ನಿಂತು "ಪಾಪ, ಎಷ್ಟು ಚೆನ್ನಾಗಿ ಬರ್ದಿದಾರೆ" ಅಂದೆ. "ಇದರಲ್ಲಿ ಪಾಪ ಎಲ್ಲಿಂದ ಬಂತು?" ಅಂದಳು ನಮ್ಮವಳು. ಬೆಲೆ ನೋಡಿದ ಮೇಲೆ ಪಾಪ ನಾನೇ ಅನ್ನೋದು ಗೊತ್ತಾಯ್ತು.

ಅಲ್ಲಿ ಜೂಡಿತ್ ಸ್ಕಾಟ್ ಅಂತ ಒಬ್ಬಾಕೆ ಇದ್ದಳು. ಹುಟ್ಟಿದ್ದು 1943ರಲ್ಲಿ. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾಗೋ ಸ್ಥಿತಿ. ಏಳು ವರ್ಷಕ್ಕೆ ಅವಳನ್ನ ಒಂದು ಸಂಸ್ಥೆಗೆ ಸೇರಿಸಿದರು, 35 ವರ್ಷ ಅಂಥ ಕಡೆಗಳಲ್ಲೇ ಕಳೆದಳು. ಪಾಠ ಹತ್ತಲ್ಲ ಅಂತ ಶಾಲೆ ಇಲ್ಲ. ಅವಳ ಅವಳಿ ಸೋದರಿ ಜಾಯ್ಸ್ ಬಿಡಿಸಿಕೊಂಡು ಬಂದು 1987ರಲ್ಲಿ ಇಲ್ಲಿಗೆ ಸೇರಿಸಿದಳು. ಹೆಚ್ಚುಕಮ್ಮಿ ಎರಡು ವರ್ಷ ಏನೂ ಮಾಡಲಿಲ್ಲ. ಆಮೇಲೊಂದಿನ ನೂಲು ಹಿಡಿದಳು ನೋಡು! ಕೈಗೆ ಸಿಕ್ಕಿದ್ದಕ್ಕೆಲ್ಲ, ಕುರ್ಚಿ ಬಿಡದೆ, ಸುತ್ತಿ ಸುತ್ತಿ ಮನುಷ್ಯನಷ್ಟು ದೊಡ್ಡ ಗಂಟುಗಳು. ನೂಲು ಸಿಗದಾಗ ಪೇಪರ್ ಟವೆಲ್ಲೇ ಆಯ್ತು. 2005ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು.

ಆದರೆ ನನ್ನ ತಲೆಯಲ್ಲಿ ಕೂತಿರೋದು ಅದಲ್ಲ. ಅವಳಿಗೆ ಕಿವಿ ಕೇಳಿಸ್ತಿರಲಿಲ್ಲ. ಅದು ಎಷ್ಟೋ ವರ್ಷ ಯಾರಿಗೂ ತಿಳಿಯಲೇ ಇಲ್ಲ.

ನಮ್ಮನೆ ಗೌರತ್ತೆ ನೆನಪಿದಾಳಾ? ಅಕ್ಕನ್ನ ನೋಡೋಕೆ ಗಂಡಿನ ಕಡೆಯವರು ಬಂದ ದಿನ ಅವಳನ್ನ ಹಿತ್ತಲ ಕೋಣೆಗೆ ಹಾಕಿ, ನನ್ನನ್ನ ಕಾವಲು ಕೂರಿಸಿದ್ರು ಅಂತ ನಗ್ತಾ ಹೇಳಿದ್ದೆ. ಪೂರ್ತಿ ಹೇಳಿರಲಿಲ್ಲ. ಒಳಗಿಂದ ಬಾಗಿಲು ಬಡೀತಾನೇ ಇದ್ಲು. "ಸುಮ್ನಿರತ್ತೆ, ಸುಮ್ನಿರು" ಅಂತ ಗದರಿದೆ, ಬೇಡಿಕೊಂಡೆ. ನಿಲ್ಲಿಸಲಿಲ್ಲ. ಚಿಲಕ ತೆಗೆದು ಕೆನ್ನೆಗೆ ಹೊಡೆದೆ ಕಣೋ. ಹನ್ನೆರಡು ವರ್ಷ ನನಗೆ. ಆಮೇಲೆ ಬಡಿಯಲಿಲ್ಲ.

ಹಿಂದಿನಿಂದ ಕೂಗಿದರೆ ತಿರುಗ್ತಿರಲಿಲ್ಲ, ಮೊಂಡು ಅಂತಿದ್ವಿ. ಎದುರು ನಿಂತು ಕೈಸನ್ನೆ ಮಾಡಿದರೆ ಎದ್ದು ಬರ್ತಿದ್ಲು. ಇವೆರಡನ್ನೂ ಯಾರೂ ಕೂಡಿಸಿ ನೋಡಲಿಲ್ಲ. ಮನೆಯಲ್ಲಿ ಇಬ್ಬರು ಮೇಷ್ಟ್ರು ಬೇರೆ! ಕೇಳಿಸ್ತಿತ್ತೋ ಇಲ್ಲವೋ, ಈಗ ಕೇಳೋಣ ಅಂದರೆ ಅತ್ತೆ ಇಲ್ಲ.

ಸ್ಟುಡಿಯೋ ಬಗ್ಗೆ ನಾಲ್ಕು ಸಾಲು ಬರೆದು, ಫೋಟೋ ಹಾಕಿ, ಲೈಕ್ ಎಣಿಸೋಣ ಅಂತ ಕೂತವನು ನಾನು. ಈಗ ಯಾರಾದರೂ "ಕಣ್ತುಂಬಿ ಬಂತು ಸಾರ್" ಅಂತ ಹಾಕ್ತಾರೆ, ನೀನು ಬಿದ್ದುಬಿದ್ದು ನಗ್ತೀಯ. ನಗು. ಅಲ್ಲಿ ಕೊಂಡಿದ್ದು ಎರಡು ಪೋಸ್ಟ್‌ಕಾರ್ಡು ಮಾತ್ರ; ಪಾರ್ಕಿಂಗ್ ದಂಡ ಅದಕ್ಕಿಂತ ಜಾಸ್ತಿ ಆಯ್ತು. ಒಂದು ನಿನಗೆ, ಆನೆ ಇಲ್ಲದ್ದನ್ನೇ ಆರಿಸಿದೀನಿ.

ಅಮ್ಮನಿಗೆ ಇದನ್ನ ಓದಿ ಹೇಳಬೇಡ. ಮೂರ್ತಿ ಮೇಷ್ಟ್ರಿಗಂತೂ ಬೇಡವೇ ಬೇಡ.

ನಿನ್ನ,
ಅರ್ಧ ಇಡ್ಲಿ