ಹೆಬ್ಬೆರಳು ಒತ್ತಿದರೆ ಮಾತ್ರ ಸಂಶೋಧನೆಯೇ?

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿನಿ. ಕೃಷಿ ವಿಜ್ಞಾನಿಗಳ ವೃತ್ತಿ ಹೇಗೆ ಸಾಗುತ್ತದೆ, ಹೊಸ ತಳಿ ಹೇಗೆ ಹುಟ್ಟುತ್ತದೆ ಅನ್ನೋದು ನನ್ನ ವಿಷಯ. ಜೆಆರ್‌ಎಫ್, ಅಂದರೆ ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್, ಪಾಸಾಗಿದ್ದೇನೆ. 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಊರಲ್ಲಿ ಎಲ್ಲರೂ ನನ್ನ ಕೈಯಲ್ಲಿ ದುಡ್ಡು ಆಡುತ್ತಿದೆ ಅಂದುಕೊಂಡಿದ್ದಾರೆ.

ಆ ಹಣ ದೆಹಲಿಯದ್ದು. ಆದರೆ ಪ್ರತಿ ತಿಂಗಳು ನಮ್ಮ ವಿಶ್ವವಿದ್ಯಾಲಯದ ಕಚೇರಿಯವರು ಪೋರ್ಟಲಿನಲ್ಲಿ ದೃಢಪಡಿಸದೆ ಅದು ಅಲ್ಲಿಂದ ಹೊರಡುವುದಿಲ್ಲ. ಸಮಕುಲಾಧಿಪತಿಗಳಾದ ತಮಗೆ ಈ ನಿಯಮ ನಾನು ಹೇಳಬೇಕಿಲ್ಲ.

ಹತ್ತಿ ಬಿಡಿಸುವ ಹೊತ್ತಿಗೆ ನವಲಗುಂದದ ಕಡೆ ಹೋಗಿದ್ದೆ. ಹಳೇ ಬೀಜೋತ್ಪಾದಕ ರೈತರನ್ನು ಮಾತಾಡಿಸಬೇಕಿತ್ತು. ಗೈಡ್ ಒಪ್ಪಿಗೆ ಪತ್ರವೂ ಇತ್ತು. ತಿಂಗಳ ಕೊನೆಗೆ ನೋಡಿದರೆ ಬಯೋಮೆಟ್ರಿಕ್‌ನಲ್ಲಿ ನಾನು ಗೈರುಹಾಜರು! ಕೇಸ್ ವರ್ಕರ್ ಹೇಳಿದರು: "ಹೊಲಕ್ಕ ಹೋಗಿದ್ದೆ ಅಂತ ಪಿಡಿಒ ಕಡೆಯಿಂದ ಬರಸ್ಕೊಂಡ ಬಾ." ಬರೆಸಿಕೊಂಡು ಬಂದೆ. "ಸಹಿ ಐತಿ, ಶಿಕ್ಕಾ ಎಲ್ಲಿ?" ಮತ್ತೆ ಬಸ್ ಹತ್ತಿದೆ. ಶಿಕ್ಕಾ ಒತ್ತಿಸಿಕೊಂಡು ಬರುವಷ್ಟರಲ್ಲಿ ಆ ತಿಂಗಳ ಗಡುವು ಮುಗಿದಿತ್ತು. ಕೊನೆಗೆ ಬುದ್ಧಿಮಾತು ಬೇರೆ: "ಹೊಲದಾಗ ಏನ್ ಸಂಶೋಧನಾ ತಂಗಿ? ಲೈಬ್ರರಿಯೊಳಗ ಕುಂತು ಬರಿ."

ಹೊಲದಲ್ಲಿ ಏನು ಸಂಶೋಧನೆ? ಸಚಿವರೇ, 1972ರಲ್ಲಿ ಇದೇ ಧಾರವಾಡದಿಂದ ವರಲಕ್ಷ್ಮಿ ಹತ್ತಿ ಹೊರಬಂತು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ಡಾ. ಬಿ.ಎಚ್. ಕಟರಕಿ ಅವರು ಮಾಡಿದ ಹೈಬ್ರಿಡ್ ಅದು. ಅದರ ಬೀಜ ಬೇಕೆಂದರೆ ಹೊಲದಲ್ಲಿ ನಿಂತು, ಒಂದೊಂದೇ ಮೊಗ್ಗಿನ ಕೇಸರ ಕಿತ್ತು, ಕೈಯಾರೆ ಪರಾಗ ಸವರಬೇಕು. ಆ ಕೆಲಸಕ್ಕೆ ಹೆಬ್ಬೆರಳು ಬೇಕು ನಿಜ, ಮಷೀನಿಗೆ ಒತ್ತೋದಕ್ಕಲ್ಲ.

ವಿಜ್ಞಾನಿಗಳ ವೃತ್ತಿಯನ್ನೇ ಅಧ್ಯಯನ ಮಾಡುವ ಎಂಐಟಿ ಪ್ರಾಧ್ಯಾಪಕ ಪಿಯರ್ ಅಜೂಲೆ ಮತ್ತು ಸಂಗಡಿಗರು 2011ರಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಒಂದು ಕಡೆ ಐದು ವರ್ಷ ನೆಮ್ಮದಿಯಾಗಿ ಹಣ ಪಡೆದು, ಆರಂಭದಲ್ಲಿ ಸೋತರೂ ನಡೆಯುತ್ತದೆ ಅನ್ನಿಸಿಕೊಂಡವರು. ಇನ್ನೊಂದು ಕಡೆ ಚಿಕ್ಕ ಅವಧಿಯ ಅನುದಾನದವರು. ಹೆಚ್ಚು ಪ್ರಭಾವ ಬೀರಿದ ಪ್ರಬಂಧಗಳು ಮೊದಲಿನವರಿಂದ ಜಾಸ್ತಿ ಬಂದವು. ನಾವು ಐದು ವರ್ಷದ ನೆಮ್ಮದಿ ಕೇಳುತ್ತಿಲ್ಲ. ಈ ತಿಂಗಳದ್ದು ಈ ತಿಂಗಳು ಕೊಡಿಸಿ, ಸಾಕು.

ಸಪ್ತಾಪುರದ ಪಿಜಿ ಬಾಡಿಗೆಗೆ ಅಪ್ಪನ ಹತ್ತಿರ ಕೈ ಚಾಚುತ್ತಿದ್ದೇನೆ. ಈ ವಯಸ್ಸಿನಲ್ಲಿ! ನನ್ನ ರೂಮ್‌ಮೇಟ್ ಪಿಎಚ್‌ಡಿ ಬಿಟ್ಟು ಇಲ್ಲೇ ಕೋಚಿಂಗ್ ಸೇರಿದಳು, ಎಫ್‌ಡಿಎ ಪರೀಕ್ಷೆಗೆ. "ಫೈಲ್ ಹಿಂದೆ ಓಡೋದಕ್ಕಿಂತ ಫೈಲ್ ಇಟ್ಟುಕೊಂಡು ಕೂರೋದೇ ವಾಸಿ" ಅಂತಾಳೆ. ಏನು ಉತ್ತರ ಕೊಡಲಿ? ಯುವ ಸಂಶೋಧಕರು ಯಾಕೆ ಬಿಟ್ಟು ಹೋಗ್ತಾರೆ ಅಂತ ತಮ್ಮ ಇಲಾಖೆ ಸಮಿತಿ ಮಾಡುವುದಿದ್ದರೆ ದಯವಿಟ್ಟು ಬೇಡ. ಅವಳನ್ನೇ ಕೇಳಿ, ಭತ್ಯೆಯೂ ಉಳಿಯುತ್ತದೆ.

ಬೇಡಿಕೆ ಇಷ್ಟೇ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಚೇರಿ ದೃಢೀಕರಣ ಮುಗಿಸಬೇಕು. ಗೈಡ್ ಸಹಿ ಇದ್ದರೆ ಕ್ಷೇತ್ರಕಾರ್ಯದ ದಿನಗಳನ್ನು ಹಾಜರಿ ಅಂತ ಹಿಡಿಯಬೇಕು. ತಡ ಮಾಡಿದವರು ಕಾರಣ ಬರೆದು ಕೊಡಬೇಕು, ಶಿಕ್ಕಾ ಸಮೇತ. ಒಂದು ಸುತ್ತೋಲೆ ಸಾಕು, ಸಚಿವರೇ. 5ನೇ ತಾರೀಖು. ದಯವಿಟ್ಟು ಹೊರಡಿಸಿ.

ಇಂತಿ,
ಒಬ್ಬ ಸಂಶೋಧನಾ ವಿದ್ಯಾರ್ಥಿನಿ
ಸಪ್ತಾಪುರ, ಧಾರವಾಡ