ಜಿಲ್ಲಾಧಿಕಾರಿಗಳೇ, ರಾಡಿ ಮೇಲೆ ಒಡ್ಡು ಏರಿಸಲು ಬಿಡಬೇಡಿ

ಗದಗ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಮುಂಡರಗಿ ತಾಲ್ಲೂಕಿನ ರೈತ. 4 ಎಕರೆ ಎರಿ ಹೊಲ, ಒಂದು ಬಾವಿ, ಒಂದು ಜೋಡಿ ಎತ್ತು. ಹೊಲದ ಮೇಲ್ಗಡೆ ಒಂದು ಎಂ-ಸ್ಯಾಂಡ್ ಘಟಕ ಇದೆ. ಕಲ್ಲು ಪುಡಿ ಮಾಡಿ, ನೀರಲ್ಲಿ ತೊಳೆದು ಮರಳು ತೆಗೆಯುತ್ತಾರೆ. ತೊಳೆದಾಗ ಹಿಟ್ಟಿನಂಥ ಪುಡಿ ನೀರಿನ ಜೊತೆ ಹೊರಗೆ ಬರುತ್ತದೆ. ಆ ಬೂದು ರಾಡಿಯನ್ನು ಒಡ್ಡು ಕಟ್ಟಿ ನಿಲ್ಲಿಸಿದ್ದಾರೆ. ಹೊಂಡ ತುಂಬಿದಂತೆಲ್ಲ ಒಡ್ಡು ಏರಿಸುತ್ತಾರೆ. 6 ವರ್ಷದ ಹಿಂದೆ ಅದು ನನ್ನ ಎದೆಮಟ್ಟ ಇತ್ತು. ಈಗ ಎರಡು ಆಳೆತ್ತರಕ್ಕಿಂತ ಜಾಸ್ತಿ.

ಅಷ್ಟೂ ವರ್ಷ ಅರ್ಜಿ ಬರೆದಿದ್ದೇನೆ. ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿಯವರು ಮೊದಲಿನ ಕಚೇರಿಗೇ ವಾಪಸ್ ಕಳಿಸಿದರು. ಬಸ್ ಚಾರ್ಜು, ಜೆರಾಕ್ಸು, ಬಿಟ್ಟುಹೋದ ಕೂಲಿ, ಇದಕ್ಕೆಲ್ಲ ಲೆಕ್ಕ ಇಡುವುದನ್ನೂ ಬಿಟ್ಟೆ. ಅದಕ್ಕೇ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾನು ಕೇಳುವುದು ಒಂದೇ. ಕೆಳಗಿನ ನೆಲ ಗಟ್ಟಿ ಮಾಡದೆ ಆ ಒಡ್ಡನ್ನು ಏರಿಸಲು ಬಿಡಬೇಡಿ.

ಹೋದ ವರ್ಷ ಮಘಾ ಮಳೆ. ರಾತ್ರಿ ಒಡ್ಡಿನ ಒಂದು ಮಗ್ಗಲು ಜಾರಿತು. ಬೆಳಿಗ್ಗೆ ಹೋಗಿ ನೋಡಿದರೆ ಗೋವಿನಜೋಳದ ಸಾಲು ಕಾಣಲಿಲ್ಲ. ಬಾವಿ ಅರ್ಧ ಮುಚ್ಚಿತ್ತು. ಆಮೇಲೆ ನಾಲ್ಕು ದಿನ ಬಿಸಿಲು ಬಿತ್ತು. ರಾಡಿ ಮೇಲೆ ಒಣಗಿ ಬಿರುಕು ಬಿಟ್ಟಿತು. ಗಟ್ಟಿಯಾಯಿತು ಅಂದುಕೊಂಡೆವು. ನಮ್ಮ ಎತ್ತೂ ಹಾಗೇ ಅಂದುಕೊಂಡಿರಬೇಕು. ಮೂರು ಹೆಜ್ಜೆ ಇಟ್ಟಿತು. ನಾಲ್ಕನೆಯದಕ್ಕೆ ಹೊಟ್ಟೆಯವರೆಗೆ ಹೂತುಹೋಯಿತು. ಅದು ಒದ್ದಾಡಿದಷ್ಟೂ ಕೆಳಗಿನ ರಾಡಿ ಇನ್ನಷ್ಟು ನೀರಾಗುತ್ತಿತ್ತು. ಓಣಿಯ ಮಂದಿ ಹಗ್ಗ, ಹಲಗೆ, ಮನೆ ಬಾಗಿಲು ಕಿತ್ತು ತಂದರು. ಬೆಳಿಗ್ಗೆ 9ಕ್ಕೆ ಸಿಕ್ಕಿಬಿದ್ದ ಎತ್ತನ್ನು ಎಳೆದು ತೆಗೆದಾಗ ಮಧ್ಯಾಹ್ನ 3 ದಾಟಿತ್ತು. ಜೀವ ಉಳಿಯಿತು. ಹಿಂಗಾಲು ಇವತ್ತಿಗೂ ಎಳೆಯುತ್ತದೆ. ನೊಗಕ್ಕೆ ಹೂಡಲು ಆಗುವುದಿಲ್ಲ. ಮಾರಲು ನನಗೆ ಮನಸ್ಸು ಬರುವುದಿಲ್ಲ.

ಮೂರನೇ ದಿನ ನೋಡಲು ಬಂದ ಒಬ್ಬ ಅಧಿಕಾರಿ ಏನಂದರು ಗೊತ್ತಾ? "ಕೆರಿ ಹೂಳು ರೊಕ್ಕ ಕೊಟ್ಟು ಹೊಲಕ್ಕ ಹಾಕಿಸ್ತೀರಿ. ಇದು ಪುಕ್ಕಟೆ ಬಂದೈತಲ್ಲ."

ಸರ್, ಕೆರೆ ಹೂಳಲ್ಲಿ ಎಲೆ, ಸಗಣಿ ಕೊಳೆತಿರುತ್ತದೆ. ಅದು ಹೊಲಕ್ಕೆ ಅನ್ನ. ಇದು ಕಲ್ಲಿನ ಪುಡಿ. ಒಣಗಿದರೆ ಬಿಲ್ಲೆ ಕಟ್ಟುತ್ತದೆ. ಹಿಂಗಾರಿಗೆ ಅದರಲ್ಲೇ ಕಡಲೆ ಬಿತ್ತಿದೆ. ಮೊಳಕೆ ಮೇಲೆ ಬರಲೇ ಇಲ್ಲ. ಆ ಅಧಿಕಾರಿಯ ಮಾತು ಕೇಳಿದ ದಿನ ನನ್ನ ಹೆಂಡತಿ ಒಲೆ ಹಚ್ಚಲಿಲ್ಲ.

ಆಮೇಲೆ ಒಡ್ಡು ಮತ್ತೆ ಕಟ್ಟಿದರು. ಹೇಗೆ? ಜಾರಿದ ಜಾಗದಲ್ಲೇ ಅದೇ ಪುಡಿ ಸುರಿದು, ಜೆಸಿಬಿ ಬಕೆಟ್ಟಿನಿಂದ ನಾಲ್ಕು ಸಲ ತಟ್ಟಿದರು. ಹೊಸ ಒಡ್ಡು ಒಳಗಡೆ ಸರಿದು, ಹಳೆ ರಾಡಿಯ ಮೇಲೇ ಕೂತಿದೆ. ನಮ್ಮ ಎತ್ತು ಹೂತಂಥ ರಾಡಿಯ ಮೇಲೆ!

ಧಾರವಾಡದಲ್ಲಿ ಸಿವಿಲ್ ಓದಿದ ನನ್ನ ತಂಗಿಯ ಮಗ ಇದನ್ನು ನೋಡಿ ಹೆದರಿದ. ದೊಡ್ಡ ಗಣಿಗಳಲ್ಲಿ ಇದಕ್ಕೆ ಅಪ್‌ಸ್ಟ್ರೀಮ್ ಪದ್ಧತಿ ಅನ್ನುತ್ತಾರಂತೆ. ಖರ್ಚು ಕಡಿಮೆ, ಅಪಾಯ ಜಾಸ್ತಿ. ನುಣುಪು ಪುಡಿಯೊಳಗಿನ ನೀರು ಬೇಗ ಬಸಿಯುವುದಿಲ್ಲ. ಮೇಲೆ ಭಾರ ಬಿದ್ದರೆ ಆ ಭಾರವನ್ನು ಒಳಗಿನ ನೀರೇ ಹೊರುತ್ತದೆ. ಪುಡಿಯ ಕಣಗಳ ಹಿಡಿತ ಸಡಿಲವಾಗುತ್ತದೆ. ಒಂದು ಗಳಿಗೆಯಲ್ಲಿ ಗಟ್ಟಿ ಕಂಡದ್ದೆಲ್ಲ ಹರಿಯುತ್ತದೆ. ಚಿಲಿ ದೇಶ ಈ ಪದ್ಧತಿಯನ್ನು 1970ರಲ್ಲೇ ನಿಷೇಧಿಸಿತು. ಬ್ರೆಜಿಲ್ ನಿಷೇಧಿಸಿದ್ದು 2019ರಲ್ಲಿ, ಬ್ರುಮಾಡಿನ್ಹೋದಲ್ಲಿ 270 ಜನ ಸತ್ತ ಮೇಲೆ. ಅಲ್ಲಿನ ಕಬ್ಬಿಣದ ಗಣಿಯ ಒಡ್ಡನ್ನು 1976ರಿಂದ ಹಂತಹಂತವಾಗಿ ಏರಿಸುತ್ತ 86 ಮೀಟರ್ ಮಾಡಿದ್ದರು. 2016ರಲ್ಲೇ ರಾಡಿ ಬಿಡುವುದನ್ನು ನಿಲ್ಲಿಸಿದ್ದರು. ಆದರೂ 2019ರ ಜನವರಿ 25ರಂದು ಅದು ಒಡೆಯಿತು. "ಘಟಕ ಸದ್ಯ ಬಂದ್ ಇದೆ, ಇನ್ನೇನು ಭಯ" ಎಂದು ನನಗೆ ಹೇಳಿದವರಿಗೆ ಇದನ್ನು ಹೇಳಬೇಕಿತ್ತು.

ನಮ್ಮದು ಅಷ್ಟು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಅದರ ಕೆಳಗೆ 11 ಮನೆ ಇವೆ. ಅಂಗನವಾಡಿ ಮಕ್ಕಳು ಹಳ್ಳ ದಾಟಿ ಅದೇ ದಾರಿಯಲ್ಲಿ ಹೋಗುತ್ತಾರೆ.

ದಾರಿ ಇಲ್ಲದೇ ಇಲ್ಲ. ಮೊದಲು ನೆಲ ಪರೀಕ್ಷೆ ಆಗಲಿ. ಮೊನಚು ತುದಿಯ ಸರಳು (ಕೋನ್) ಚುಚ್ಚಿ ರಾಡಿ ಎಷ್ಟು ಆಳದವರೆಗೆ ಮೆತ್ತಗಿದೆ ನೋಡುತ್ತಾರೆ. ಪೀಜೋಮೀಟರ್ ಇಳಿಸಿ ಒಳಗಿನ ನೀರಿನ ಒತ್ತಡ ಅಳೆಯುತ್ತಾರೆ. ಆಮೇಲೆ ಒಡ್ಡಿನ ಬುಡಕ್ಕೆ ಹೊರಗಡೆಯಿಂದ ಕಲ್ಲಿನ ಆಸರೆ ಕೊಡಬೇಕು. ಪ್ಲಾಸ್ಟಿಕ್ ಡ್ರೇನ್ ಪಟ್ಟಿಗಳನ್ನು ನೆಟ್ಟಗೆ ಇಳಿಸಿದರೆ ನೀರಿಗೆ ಹತ್ತಿರದ ದಾರಿ ಸಿಗುತ್ತದೆ. ರಾಡಿ ಕುಗ್ಗಿ ಬಿಗಿಯಾಗುತ್ತದೆ. ಸಾಲಾಗಿ ತೂತು ಕೊರೆದು ಜಲ್ಲಿ ತುಂಬಿ ಕಲ್ಲಿನ ಕಂಬ ಮಾಡಬಹುದು. ಸಿಮೆಂಟ್ ಕಲಸಿಯೂ ಗಟ್ಟಿ ಮಾಡುತ್ತಾರೆ. ಯಾವುದು ಎಲ್ಲಿಗೆ ಅನ್ನುವುದನ್ನು ತಿಳಿದ ಎಂಜಿನಿಯರ್ ಹೇಳಬೇಕು. ಈಗಿನ ಸ್ಥಿತಿಯಲ್ಲಿ ಸುಮ್ನೆ ವೈಬ್ರೇಟರ್ ಇಳಿಸಿದರೆ ಆ ಅಲುಗಾಟಕ್ಕೇ ಒಡ್ಡು ಜಾರಬಹುದು. ಎತ್ತು ಒದ್ದಾಡಿದಾಗ ನಾನು ಕಣ್ಣಾರೆ ನೋಡಿದ್ದು ಅದನ್ನೇ. ಜಲ್ಲಿ ತಯಾರಿಸುವ ಘಟಕಕ್ಕೆ ಜಲ್ಲಿಯ ಬರ ಇಲ್ಲ. ಖರ್ಚು ಅವರು ಮಾಡಲಿ.

2011ರ ಕ್ರಷರ್ ಕಾಯ್ದೆ ನಿಮಗೆ ಗೊತ್ತಿದೆ. ಲೈಸೆನ್ಸ್ ಕೊಡುವ ಜಿಲ್ಲಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ನಿಮಗೆ ನಾನು ನಿಯಮ ಹೇಳಬೇಕಾ? ನೆಲ ಗಟ್ಟಿ ಮಾಡದೆ ಒಡ್ಡು ಏರಿಸಲು ಬಿಡಬೇಡಿ. ಮೊನ್ನೆ ಘಟಕದ ಹತ್ತಿರ ಮತ್ತೆ ಜೆಸಿಬಿ ಬಂದು ನಿಂತಿದೆ.

ಪರಿಹಾರದ ಮಾತು ಆಮೇಲೆ ಆಡೋಣ. ರೋಹಿಣಿ ಮಳೆ ಬೀಳುವ ಮೊದಲು ಒಂದು ಸಲ ಬನ್ನಿ. ನನ್ನ ಬಾವಿ ಕಟ್ಟೆ ಮೇಲೆ ನಿಂತು ಆ ಒಡ್ಡನ್ನು ನೋಡಿ. ಕೆಲಸ ನಿಲ್ಲಿಸುವ ಆದೇಶ ಅಲ್ಲೇ ಬರೆದುಕೊಡಿ.

ಇಂತಿ,
ಒಡ್ಡಿನ ಕೆಳಗಿನ ಹೊಲದ ರೈತ
ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ